ಸೈಕಲ್ ಅಂಗಡಿಗೆ ಹಳೆ ಕಾರ್ಟೂನ್ ಥರದ ಜಾಹೀರಾತು ಮಾಡೋದು ಹೇಗೆ?

ಪ್ರಶ್ನೆ: ನಮ್ಮದು ಸೈಕಲ್ ರಿಪೇರಿ ಅಂಗಡಿ. ಹಳೆಯ ಕಪ್ಪುಬಿಳುಪು ಕಾರ್ಟೂನ್ ಥರ 30 ಸೆಕೆಂಡಿನ ಒಂದು ಜಾಹೀರಾತು ವಿಡಿಯೋ ಮಾಡಬೇಕು ಅಂತ ಆಸೆ. ಚಿತ್ರ ಬಿಡಿಸಲು ಸುಮಾರಾಗಿ ಬರುತ್ತದೆ, ಅನಿಮೇಷನ್ ಹೊಸದು. ಒಂದು ಆ್ಯಪ್‌ನಲ್ಲಿ ಮಾಡಿ, ಮೇಲೆ ಹಳೆ ಫಿಲ್ಮಿನ ಫಿಲ್ಟರ್ ಹಾಕಿದೆ. ಆದರೂ ನಕಲಿ ಅನ್ನಿಸುತ್ತಿದೆ. ಎಲ್ಲಿ ಎಡವುತ್ತಿದ್ದೇನೆ? ಯಾವ ಸಾಫ್ಟ್‌ವೇರ್ ಬಳಸಲಿ? ಹಳೆಯ ಸಂಗೀತ ಹಾಕಿಕೊಳ್ಳಬಹುದಾ?

ಉತ್ತರ: ಫಿಲ್ಟರ್‌ದೇನೂ ತಪ್ಪಿಲ್ಲ. ಅದರ ಕೆಳಗಿರುವ ಚಿತ್ರ ಹೊಸದು, ತೊಂದರೆ ಅಲ್ಲಿದೆ. ಆ್ಯಪ್‌ನಲ್ಲಿ ಮಾಡಿದ ಗೊಂಬೆಯ ಕೈಕಾಲು ತೀರಾ ನುಣ್ಣಗೆ ಜಾರುತ್ತವೆ, ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ, ಚೌಕಟ್ಟು ಈಗಿನ ಟಿವಿಯಷ್ಟು ಅಗಲ. ಇದರ ಮೇಲೆ ಎಷ್ಟು ಧೂಳು ಉದುರಿಸಿದರೂ ನೋಡುವವರಿಗೆ, ಕಾರಣ ಹೇಳಲು ಬರದಿದ್ದರೂ, ಎಲ್ಲೋ ಸುಳ್ಳಿದೆ ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಹಳೆ ಕಾರ್ಟೂನುಗಳಿಗೆ ಆ ರೂಪ ಬಂದಿದ್ದು ಅವರ ಕೈಯಲ್ಲಿ ಏನೇನು ಆಗುತ್ತಿರಲಿಲ್ಲವೋ ಅದರಿಂದ. ಬಣ್ಣ ಇರಲಿಲ್ಲ. ಬೇಕಾದಷ್ಟು ಚಿತ್ರ ಬರೆಯಲು ಸಮಯ ಇರಲಿಲ್ಲ. ಆಗಿನ ಧ್ವನಿಪಟ್ಟಿಗೆ ಪೂರ್ತಿ ದನಿ ಹಿಡಿಯಲು ಆಗುತ್ತಿರಲಿಲ್ಲ. ಆ ಮಿತಿಗಳನ್ನು ನೀವು ಶುರುವಿನಲ್ಲೇ ಒಪ್ಪಿಕೊಳ್ಳಿ. ರೂಪ ತಾನಾಗಿ ಬರುತ್ತದೆ, ಒಬ್ಬರೇ ಕೂತು ಮಾಡುವವರಿಗೆ ಕೆಲಸವೂ ತುಂಬಾ ಕಡಿಮೆಯಾಗುತ್ತದೆ.

ಮೊದಲು ಒಂದು ಕಾಲವನ್ನು ಆರಿಸಿಕೊಳ್ಳಿ. ಒಂದೇ ಒಂದು. 1930ರ ಗೊಂಬೆಯ ಮೇಲೆ ವಿಡಿಯೋ ಟೇಪಿನ ಅಡ್ಡಗೆರೆ, ಪಕ್ಕದಲ್ಲಿ 80ರ ದಶಕದ ವಿಡಿಯೋ ಗೇಮ್ ಅಕ್ಷರ, ಹೀಗೆ ಕಲಸಿದರೆ ಯಾವುದೂ ನಂಬಿಕೆ ಹುಟ್ಟಿಸುವುದಿಲ್ಲ. ನಿಮ್ಮ ಮುಂದೆ ಮುಖ್ಯವಾಗಿ ಮೂರು ದಾರಿ ಇವೆ. ಒಂದು, 1920-30ರ ದಶಕದ ರಬ್ಬರ್ ಹೋಸ್ ಶೈಲಿ, ಅಂದರೆ ಮೊಣಕೈ ಮೊಣಕಾಲು ಇಲ್ಲದ, ಕೊಳವೆಯಂತೆ ಬಾಗುವ ಕೈಕಾಲು. ಎರಡು, 1950ರ ದಶಕದ ಚಪ್ಪಟೆ ಶೈಲಿ. ಅಮೆರಿಕದ ಯುಪಿಎ ಸ್ಟುಡಿಯೋ ಇದಕ್ಕೆ ಹೆಸರಾಗಿತ್ತು. ಇಲ್ಲಿ ಮೈ ಅಲ್ಲಾಡದೆ ನಿಂತಿರುತ್ತದೆ, ಕೈಯೋ ಬಾಯಿಯೋ ಮಾತ್ರ ಚಲಿಸುತ್ತದೆ. ಮೂರು, ಪಿಕ್ಸೆಲ್ ಶೈಲಿ. 1989ರ ಗೇಮ್ ಬಾಯ್‌ನ ಪರದೆಯಲ್ಲಿ ಇದ್ದಿದ್ದು 160×144 ಚುಕ್ಕೆ, ನಾಲ್ಕೇ ಛಾಯೆ. ಅಷ್ಟರಲ್ಲೇ ಎಲ್ಲವನ್ನೂ ಹೇಳಬೇಕಿತ್ತು.

ಕೆಲಸ ಅತಿ ಕಡಿಮೆ ಬೇಕು ಅಂದರೆ ಎರಡನೆಯದು ಒಳ್ಳೆಯದು. ಆದರೆ ನಿಮ್ಮ ಅಂಗಡಿಗೆ ನಾನು ಹೇಳುವುದು ಮೊದಲನೆಯದನ್ನೇ. ಆ ಶೈಲಿ ಪೂರ್ತಿ ನಿಂತಿರುವುದು ವೃತ್ತ ಮತ್ತು ಕೊಳವೆಗಳ ಮೇಲೆ, ಸೈಕಲ್ ಅಂದರೂ ಎರಡು ವೃತ್ತ, ನಾಲ್ಕಾರು ಕೊಳವೆ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ಹ್ಯಾಂಡಲ್ಲೇ ಎರಡು ಕೈ, ದೀಪವೇ ಮೂಗು. ಸೈಕಲ್ಲನ್ನೇ ಪಾತ್ರ ಮಾಡಿಬಿಡಿ.

ಚಿತ್ರ ಬಿಡಿಸುವಾಗ ಗಮನಿಸಬೇಕಾದದ್ದು ಬೂದುಬಣ್ಣಗಳ ಅಂತರ. ಆಗಿನ ಪಾತ್ರಗಳಿಗೆ ಬಿಳಿ ಕೈಗವಸು ಯಾಕಿತ್ತು ಗೊತ್ತಾ? ಕಪ್ಪು ಮೈಯ ಮುಂದೆ ಕಪ್ಪು ಕೈ ಬಂದರೆ ಕಾಣುವುದೇ ಇಲ್ಲ, ಅದು ಒಂದು ಮುಖ್ಯ ಕಾರಣ. ನಿಮ್ಮ ಸೈಕಲ್ ಕಪ್ಪಾಗಿದ್ದರೆ ಹಿನ್ನೆಲೆ ತಿಳಿ ಬೂದು ಇರಲಿ, ರಿಪೇರಿ ಮಾಡುವವರ ಅಂಗಿ ಬಿಳಿ ಇರಲಿ. ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಯಾರು ಏನು ಮಾಡುತ್ತಿದ್ದಾರೆ ಅಂತ ಆಗಲೂ ತಿಳಿದರೆ ಸರಿಯಾಗಿದೆ. ಕಂದು ಸೆಪಿಯಾ ಬಣ್ಣ ಬೇಡ. ಅದು ಹಳೆ ಫೋಟೋಗಳನ್ನು ನೆನಪಿಸುತ್ತದೆ. ಕಾರ್ಟೂನಿಗೆ ಶುದ್ಧ ಬೂದು ಛಾಯೆಗಳೇ ಸಾಕು.

ಇನ್ನೊಂದು ಮಾತು, ಇದನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಲದ ಅಮೆರಿಕದ ಕಾರ್ಟೂನುಗಳಲ್ಲಿ ಕಪ್ಪು ಜನರನ್ನು, ಬೇರೆ ದೇಶದವರನ್ನು ಹೀನಾಯವಾಗಿ ಗೇಲಿ ಮಾಡಿದ ಚಿತ್ರಗಳು ಬಹಳ ಇವೆ. ದಪ್ಪ ತುಟಿ, ಕಪ್ಪು ಮುಖದ ಆ ಅಚ್ಚುಗಳು ಗೊತ್ತಿಲ್ಲದೆಯೂ ಕೈಗೆ ಬಂದುಬಿಡುತ್ತವೆ. ಮಾದರಿ ನೋಡಿ ಬಿಡಿಸುವಾಗ ಗೆರೆಯ ರೀತಿ ತೆಗೆದುಕೊಳ್ಳಿ, ಮುಖಗಳನ್ನು ತೆಗೆದುಕೊಳ್ಳಬೇಡಿ. ನಿಮ್ಮ ಪಾತ್ರವೇ ಸೈಕಲ್ ಆದರೆ ಈ ಅಪಾಯ ಅರ್ಧ ತಪ್ಪುತ್ತದೆ.

ಈಗ ಚಲನೆ. ಇಲ್ಲೇ ಜಾಸ್ತಿ ಜನ ಸೋಲುತ್ತಾರೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್, ಅಂದರೆ ಫಿಲ್ಮಿನ 24 ಚೌಕ ಓಡುತ್ತದೆ, ಆದರೆ ಚಿತ್ರಗಾರರು ಎಷ್ಟೋ ಕಡೆ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಿದ್ದರು, ಅಂದರೆ ಸೆಕೆಂಡಿಗೆ 12 ಚಿತ್ರ. ಕಂಪ್ಯೂಟರ್ ಎರಡು ಭಂಗಿಗಳ ಮಧ್ಯೆ ತಾನೇ ತುಂಬುವ ನುಣುಪನ್ನು ಪೂರ್ತಿ ಬಂದ್ ಮಾಡಿ. ಪ್ರಾಜೆಕ್ಟ್ 24 ಫ್ರೇಮಿನಲ್ಲಿರಲಿ, ಪ್ರತಿ ಚಿತ್ರ ಎರಡು ಫ್ರೇಮ್ ನಿಲ್ಲಲಿ. ಈಗಾಗಲೇ ಮಾಡಿರುವ ವಿಡಿಯೋ ಇದೆಯಲ್ಲ, ಅದಕ್ಕೂ ಇದೊಂದನ್ನು ಮಾಡಿ ನೋಡಿ. ಆಫ್ಟರ್ ಎಫೆಕ್ಟ್ಸ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಾದರೆ ಪೋಸ್ಟರೈಸ್ ಟೈಮ್ ಅನ್ನುವ ಎಫೆಕ್ಟಿನಲ್ಲಿ 12 ಅಂತ ಕೊಟ್ಟರೆ ಸಾಕು. ಫಿಲ್ಟರ್ ತೆಗೆದರೂ ಹಳೆಯದರ ಥರ ಕಾಣಲು ಶುರುವಾಗುತ್ತದೆ.

ಲೆಕ್ಕ ಹಾಕಿದರೆ 30 ಸೆಕೆಂಡಿಗೆ 360 ಚಿತ್ರ ಆಯಿತಲ್ಲ ಅಂತ ಹೆದರಬೇಡಿ. ಆಗಿನವರೂ ಅಷ್ಟನ್ನು ಹೊಸದಾಗಿ ಬಿಡಿಸುತ್ತಿರಲಿಲ್ಲ. ಸುತ್ತಿ ಸುತ್ತಿ ಬರುವ ಲೂಪ್‌ಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಆ ಲೂಪ್‌ಗಳನ್ನು ಕಟ್ಟಿ ಹಿಡಿಯುತ್ತಿದ್ದದ್ದು ಸಂಗೀತ. ಹಾಗಾಗಿ ಚಿತ್ರ ಬಿಡಿಸುವ ಮೊದಲೇ ತಾಳದ ವೇಗ ಗೊತ್ತಿರಬೇಕು. ಸೆಕೆಂಡಿಗೆ 24 ಅಂದರೆ ನಿಮಿಷಕ್ಕೆ 1440 ಫ್ರೇಮ್. ಅದನ್ನು ತಾಳದ ವೇಗದಿಂದ ಭಾಗಿಸಿ, ಒಂದು ಬೀಟಿಗೆ ಎಷ್ಟು ಫ್ರೇಮ್ ಅಂತ ಸಿಗುತ್ತದೆ. ನಿಮಿಷಕ್ಕೆ 120 ಬೀಟ್ ಇದ್ದರೆ 12 ಫ್ರೇಮ್. 144 ಆದರೆ 10, 90 ಆದರೆ 16. ಸುಮ್ನೆ 130 ಅಂತ ಇಟ್ಟುಕೊಂಡರೆ ಭಾಗ ಸರಿಯಾಗಿ ಹೋಗುವುದಿಲ್ಲ, ಒಂದೆರಡು ಸಾಲು ಕಳೆಯುವುದರೊಳಗೆ ಚಿತ್ರ ಒಂದು ಕಡೆ, ತಾಳ ಒಂದು ಕಡೆ. ನೀವು 120 ಇಟ್ಟುಕೊಳ್ಳಿ. ಬೀಟಿಗೆ ಆರು ಚಿತ್ರ, ಮನುಷ್ಯನ ಎರಡು ಹೆಜ್ಜೆಗೆ 12 ಚಿತ್ರ. ಆ ಹೆಜ್ಜೆಗಳನ್ನು ಎಷ್ಟು ಸಲ ಬೇಕಾದರೂ ಓಡಿಸಬಹುದು.

30 ಸೆಕೆಂಡಿಗೆ 60 ಬೀಟ್ ಸಿಗುತ್ತವೆ. ನಾನಾಗಿದ್ದರೆ ಅದನ್ನು ಹೀಗೆ ಹಂಚುತ್ತಿದ್ದೆ. ಮೊದಲ 8 ಬೀಟ್, ಗಾಳಿ ಹೋದ ಸೈಕಲ್ ಮುಖ ಬಾಡಿಸಿಕೊಂಡು ಕುಂಟುತ್ತ ಬರುತ್ತದೆ. ಮುಂದಿನ 8, ಅಂಗಡಿಯ ಮುಂಭಾಗ, ಬಾಗಿಲೇ ಬಾಯಿ ತೆರೆದು ಒಳಗೆ ಕರೆಯುತ್ತದೆ. ಅಲ್ಲಿಂದ 24 ಬೀಟ್ ರಿಪೇರಿ. ಇದೇ ವಿಡಿಯೋದ ಜೀವ, ಇಲ್ಲಿ ಕಂಜೂಸಿ ಬೇಡ. ಪಂಪು ಹೊಡೆದಂತೆಲ್ಲ ಟೈರಿನ ಜೊತೆ ಸೈಕಲ್ಲಿನ ಕೆನ್ನೆಯೂ ಉಬ್ಬಲಿ, ಸ್ಪ್ಯಾನರ್ ತಿರುಗಿದ ಕಡೆಗೆ ಇಡೀ ಮೈ ಹುರಿಯಾಗಲಿ, ಎಣ್ಣೆ ಬಿದ್ದ ಚೈನು ಖುಷಿಯಿಂದ ಕುಣಿಯಲಿ. ಆಮೇಲೆ 12 ಬೀಟ್ ಸವಾರಿ, ಕೊನೆಯ 8 ಬೀಟ್ ಅಂಗಡಿಯ ಬೋರ್ಡು. ಹೀಗೆ ಲೂಪ್ ಮಾಡಿಕೊಂಡರೆ ಹೊಸದಾಗಿ ಬಿಡಿಸಬೇಕಾದ ಚಿತ್ರಗಳು ನೂರರ ಆಸುಪಾಸಿನಲ್ಲಿ ಮುಗಿಯುತ್ತವೆ.

ಆ ಕಾಲದ ಕಾರ್ಟೂನುಗಳಲ್ಲಿ ಸುಮ್ಮನೆ ನಿಂತವರೂ ತಾಳಕ್ಕೆ ಕುಪ್ಪಳಿಸುತ್ತಿರುತ್ತಾರೆ. ಮೈ ಕೆಳಗೆ ಬರುವ ಚಿತ್ರ ಬೀಟಿನ ಮೇಲೆ ಬೀಳಬೇಕು. ನಿಖರವಾಗಿ ಹೇಳಬೇಕೆಂದರೆ ಬೀಟಿಗಿಂತ ಒಂದೋ ಎರಡೋ ಫ್ರೇಮ್ ಮೊದಲು ಬಿದ್ದರೆ ಇನ್ನೂ ಚೆನ್ನ. ಕಣ್ಣಿಗೆ ಮೊದಲು ಕಂಡು ಕಿವಿಗೆ ಆಮೇಲೆ ಕೇಳಿದರೆ ಮನಸ್ಸು ಒಪ್ಪುತ್ತದೆ, ಉಲ್ಟಾ ಆದರೆ ಒಪ್ಪುವುದಿಲ್ಲ.

ಚಕ್ರದ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಸೈಕಲ್ ವಿಡಿಯೋ ಕೆಡುವುದೇ ಅಲ್ಲಿ. ನಿಜವಾದ ಚಕ್ರದಲ್ಲಿ 32 ಅಥವಾ 36 ಕಡ್ಡಿ ಇರುವುದು ಸಾಮಾನ್ಯ. ಅಷ್ಟನ್ನೂ ಬಿಡಿಸಿದರೆ ತಿರುಗುವಾಗ ಬರೀ ಗಲಿಬಿಲಿ. ಎಂಟು ಕಡ್ಡಿ ಸಾಕು. ಆಗ ಕಡ್ಡಿಯಿಂದ ಕಡ್ಡಿಗೆ 45 ಡಿಗ್ರಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಚಕ್ರ 45 ಡಿಗ್ರಿ ತಿರುಗಿದರೆ ನಿಂತೇ ಇದ್ದ ಹಾಗೆ ಕಾಣುತ್ತದೆ. ಅದರ ಅರ್ಧ, ಅಂದರೆ ಇಪ್ಪತ್ತೆರಡೂವರೆ ಡಿಗ್ರಿ ದಾಟಿದರೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ 15 ಡಿಗ್ರಿ ಇಟ್ಟುಕೊಳ್ಳಿ. ಮೂರು ಚಿತ್ರಕ್ಕೆ 45 ಡಿಗ್ರಿ ಮುಗಿದು ಮತ್ತೆ ಮೊದಲಿನದಕ್ಕೇ ಬರುತ್ತದೆ. ಇಡೀ ವಿಡಿಯೋದ ಎಲ್ಲ ಚಕ್ರಗಳಿಗೂ ಆ ಮೂರು ಚಿತ್ರ ಸಾಕು! ಪೂರ್ತಿ ಒಂದು ಸುತ್ತಿಗೆ ಎರಡು ಸೆಕೆಂಡ್ ಹಿಡಿಯುತ್ತದೆ, ಅದು ನಿಧಾನದ ಸವಾರಿ. ವೇಗ ಬೇಕಾದ ಕಡೆ ಕಡ್ಡಿಗಳನ್ನು ತೆಗೆದುಹಾಕಿ, ಚಕ್ರದೊಳಗೆ ತಿಳಿ ಬೂದು ತುಂಬಿ, ಎರಡು ಮೂರು ಬಾಗಿದ ಗೆರೆ ಎಳೆದು ಅವನ್ನು ಸುತ್ತಿಸಿ. ಮತ್ತೆ, ಟೈರು ಗಟ್ಟಿ ವೃತ್ತವೇ ಆಗಿರಬೇಕು ಅಂತಿಲ್ಲ. ನೆಲಕ್ಕೆ ತಾಗುವ ಕಡೆ ತುಸು ಚಪ್ಪಟೆಯಾದರೆ ಭಾರ ಬಂತು ಅನ್ನಿಸುತ್ತದೆ.

ಹಿನ್ನೆಲೆ ಮತ್ತು ಪಾತ್ರ ಒಂದೇ ಥರ ಕಾಣಬಾರದು. ಅರ್ಲ್ ಹರ್ಡ್ ಅನ್ನುವವರು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಪದ್ಧತಿಗೆ 1914ರಲ್ಲಿ ಅರ್ಜಿ ಹಾಕಿ 1915ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಹಿನ್ನೆಲೆಯನ್ನು ಒಂದೇ ಸಲ ಚೆನ್ನಾಗಿ ಬಿಡಿಸಿ, ಚಲಿಸುವ ಪಾತ್ರವನ್ನು ಮಾತ್ರ ಹಾಳೆಯ ಮೇಲೆ ಮತ್ತೆ ಮತ್ತೆ ಬಿಡಿಸುವುದು ಸಾಧ್ಯವಾಯಿತು. ಆದ್ದರಿಂದಲೇ ಹಳೆ ಕಾರ್ಟೂನಿನಲ್ಲಿ ಹಿನ್ನೆಲೆ ಮೆತ್ತಗಿನ ಬಣ್ಣ ಬಳಿದ ಚಿತ್ರ, ಪಾತ್ರ ಮಾತ್ರ ಗಟ್ಟಿ ಗೆರೆ, ಚಪ್ಪಟೆ ಬಣ್ಣ. ನಿಮ್ಮ ಅಂಗಡಿಯ ಒಳಗನ್ನು ಕಾಗದದ ಮೇಲೆ ನಿಜವಾದ ಜಲವರ್ಣದಲ್ಲಿ, ಕಪ್ಪು ಒಂದೇ ಬಣ್ಣ ನೀರಿಗೆ ಬೆರೆಸಿ ಬಿಡಿಸಿ ಸ್ಕ್ಯಾನ್ ಮಾಡಿ. ಗೋಡೆಯಲ್ಲಿ ತೂಗಿದ ಟೈರು, ಡಬ್ಬಿಗಳ ಸಾಲು, ಬಾಗಿಲ ಆಕಾರ ನಿಮ್ಮ ಅಂಗಡಿಯದ್ದೇ ಇರಲಿ. ಅಂಗಡಿ ಗುರುತು ಸಿಗಬೇಕು, ಅಲ್ವಾ? ಗಿರಾಕಿಗೆ ಇದು ನಾನು ಹೋಗುವ ಅಂಗಡಿಯೇ ಅಂತ ಒಂದು ಕ್ಷಣ ಖುಷಿಯಾದರೆ ಜಾಹೀರಾತಿನ ಕೆಲಸ ಅಲ್ಲಿಗೇ ಆಯಿತು. ಪಾತ್ರದ ಪದರದ ಕೆಳಗೆ ಒಂದೆರಡು ಪಿಕ್ಸೆಲ್‌ನಷ್ಟು ಮಾಸಲು ನೆರಳು ಕೊಡಿ, ಹಾಳೆಯ ಮೇಲೆ ಹಾಳೆ ಇಟ್ಟು ಶೂಟ್ ಮಾಡಿದ ಭಾವ ಬರುತ್ತದೆ.

ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ಫಾಂಟ್ ಹಾಕಿದ ತಕ್ಷಣ ಕಾಲ ಬದಲಾಗಿಬಿಡುತ್ತದೆ. ಬರೆಯುವ ಧೈರ್ಯ ಇಲ್ಲದಿದ್ದರೆ ಬಾಲೂ ತಮ್ಮದಂಥ ದುಂಡನೆಯ ಯೂನಿಕೋಡ್ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ, ಅದನ್ನು ಕೆಳಗಿಟ್ಟುಕೊಂಡು ಮೂರು ಸಲ ಬೇರೆ ಬೇರೆಯಾಗಿ ತಿದ್ದಿ. ಮೂರನ್ನೂ ಒಂದರ ನಂತರ ಒಂದು ಓಡಿಸಿದರೆ ಗೆರೆ ಸಣ್ಣಗೆ ನಡುಗುತ್ತ ಜೀವ ಬಂದಂತೆ ಕಾಣುತ್ತದೆ. ಎಷ್ಟೋ ಅನಿಮೇಷನ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಒತ್ತಕ್ಷರ ಒಡೆಯುತ್ತದೆ. "ಸೈಕಲ್ ವರ್ಕ್ಸ್" ಅಂತ ಟೈಪ್ ಮಾಡಿ ನೋಡಿ. ಅರ್ಕಾವೊತ್ತು ಮತ್ತು ಒತ್ತು ಎರಡೂ ಅದರಲ್ಲಿ ಇರುವುದರಿಂದ ಸಾಫ್ಟ್‌ವೇರಿನ ಯೋಗ್ಯತೆ ಕೂಡಲೇ ತಿಳಿಯುತ್ತದೆ. ಒಡೆದರೆ ಇಂಕ್‌ಸ್ಕೇಪ್ ಅನ್ನುವ ಉಚಿತ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರವನ್ನು ಆಕಾರವಾಗಿ ಬದಲಾಯಿಸಿ, ಚಿತ್ರವಾಗಿ ತನ್ನಿ. ಒತ್ತುಗಳಿಗೆ ಸಾಲಿನ ಕೆಳಗೆ ಜಾಗ ಬಿಡುವುದನ್ನೂ ಮರೆಯಬೇಡಿ. ಇಂಗ್ಲಿಷ್ ಅಳತೆಯ ಟೆಂಪ್ಲೇಟುಗಳಲ್ಲಿ ಆ ಜಾಗ ಇರುವುದೇ ಇಲ್ಲ.

ಈಗ ಫಿಲ್ಟರ್‌ಗೆ ಬರೋಣ. ಹೌದು, ಕೊನೆಗೆ ಅದೂ ಬೇಕು. ಆದರೆ ಫಿಲ್ಮು ಹಾಳಾಗುವ ರೀತಿ ಗೊತ್ತಿದ್ದು ಹಾಕಬೇಕು. ಚಿತ್ರ ಸೆಕೆಂಡಿಗೆ 12 ಇದ್ದರೂ ಧೂಳು, ಬೆಳಕಿನ ಮಿಣುಕು, ಚೌಕಟ್ಟಿನ ಸಣ್ಣ ಅಲುಗಾಟ ಇವು 24ರಲ್ಲೇ ಬದಲಾಗಬೇಕು, ಯಾಕೆಂದರೆ ಪ್ರತಿ ಫ್ರೇಮೂ ಫಿಲ್ಮಿನ ಬೇರೆ ತುಂಡು. ಮೇಲೆ ಹೇಳಿದ ಪೋಸ್ಟರೈಸ್ ಟೈಮನ್ನು ಧೂಳಿನ ಪದರಕ್ಕೂ ಹಾಕಿಬಿಟ್ಟರೆ ಇಡೀ ಶ್ರಮ ನೀರುಪಾಲು. ಧೂಳಿನ ಚುಕ್ಕೆ ಒಂದು ಫ್ರೇಮಿನಲ್ಲಿ ಬಂದು ಹೋಗುತ್ತದೆ. ಉದ್ದಗೆರೆಯ ಗೀರು ಮಾತ್ರ ಫಿಲ್ಮ್ ಓಡುವ ದಿಕ್ಕಿನಲ್ಲೇ ಬೀಳುವುದರಿಂದ ಹಲವು ಫ್ರೇಮ್ ಉಳಿಯುತ್ತದೆ. ನೆಗೆಟಿವ್ ಮೇಲಿನ ಧೂಳು ಬಿಳಿಯಾಗಿ, ಪ್ರಿಂಟಿನ ಮೇಲಿನದು ಕಪ್ಪಾಗಿ ಕಾಣುತ್ತದೆ, ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿ. ಚೌಕಟ್ಟು ಅಲುಗುವುದು ಒಂದೆರಡು ಪಿಕ್ಸೆಲ್ ಸಾಕು. ಮಿಣುಕು ತೀರಾ ಮೆದುವಾಗಿರಲಿ. ಜೋರಾಗಿ ಮಿನುಗುವ ಬೆಳಕು ಕೆಲವರಿಗೆ ಅಪಸ್ಮಾರ ತರಿಸಬಹುದು, ಅದಕ್ಕೇ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಜೋರಾಗಿ ಮಿಂಚಬಾರದು ಅಂತ ವೆಬ್ ಮಾರ್ಗಸೂಚಿಗಳಲ್ಲೂ ಇದೆ.

ಸಂಗೀತದ ಪ್ರಶ್ನೆಗೆ ನೇರ ಉತ್ತರ: ಹಳೆಯದು ಅಂದ ಮಾತ್ರಕ್ಕೆ ಬಿಟ್ಟಿ ಅಲ್ಲ. ರಾಗ ಕಟ್ಟಿದವರ ಹಕ್ಕು ಬೇರೆ, ಅದನ್ನು ನುಡಿಸಿ ಮುದ್ರಿಸಿದವರ ಹಕ್ಕು ಬೇರೆ. ಅಮೆರಿಕದಲ್ಲಿ 1923ಕ್ಕಿಂತ ಮೊದಲು ಬಂದ ಧ್ವನಿಮುದ್ರಿಕೆಗಳು ಮುಕ್ತವಾಗಿದ್ದು 2022ರ ಜನವರಿ 1ಕ್ಕೆ. ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಪಾತ್ರಗಳದ್ದೂ ಇದೇ ಕಥೆ. 1928ರ ಮಿಕ್ಕಿ ಮೌಸ್‌ನ ಮೊದಲ ರೂಪ ಅಮೆರಿಕದಲ್ಲಿ 2024ರಲ್ಲಿ ಕಾಪಿರೈಟಿನಿಂದ ಹೊರಬಂತು. ಆದರೆ ಟ್ರೇಡ್‌ಮಾರ್ಕ್ ಹಾಗೇ ಇದೆ. ಅಂಗಡಿಯ ಜಾಹೀರಾತಿಗೆ ಅದರ ಸಹವಾಸವೇ ಬೇಡ. ಶೈಲಿ ಯಾರ ಸ್ವತ್ತೂ ಅಲ್ಲ, ಪಾತ್ರ ಮಾತ್ರ ನಿಮ್ಮದೇ ಇರಲಿ.

ಸಂಗೀತಕ್ಕೆ ನನ್ನ ಸಲಹೆ, ನಿಮ್ಮ ಅಂಗಡಿಯನ್ನೇ ವಾದ್ಯ ಮಾಡಿಕೊಳ್ಳಿ. ಬೆಲ್ಲಿನ ಟ್ರಿಣ್, ಪಂಪಿನ ಉಸಿರು, ಸ್ಪ್ಯಾನರ್ ತಾಗಿದ ಟಣ್, ಫ್ರೀವೀಲಿನ ಟಿಕ್ ಟಿಕ್. ಇವನ್ನು ಫೋನಿನಲ್ಲೇ ಹತ್ತಿರದಿಂದ ರೆಕಾರ್ಡ್ ಮಾಡಿ, 120ರ ತಾಳಕ್ಕೆ ಜೋಡಿಸಿ. ಮೇಲೆ ಗೊತ್ತಿರುವ ಯಾರಾದರೂ ಪಿಯಾನೋದಲ್ಲೋ ಕೀಬೋರ್ಡಿನಲ್ಲೋ ನಾಲ್ಕು ಸಾಲಿನ ಹೊಸ ರಾಗ ನುಡಿಸಿದರೆ ಮುಗಿಯಿತು. ಇಂಥ ಶಬ್ದ ಯಾವ ಸಂಗ್ರಹದಲ್ಲೂ ಸಿಗುವುದಿಲ್ಲ, ನಿಮ್ಮ ವಿಡಿಯೋ ಬೇರೆ ಎಲ್ಲದರಿಂದ ಬೇರೆಯಾಗಿ ನಿಲ್ಲುವುದು ಅದರಿಂದಲೇ. ಆಮೇಲೆ ಆಡಾಸಿಟಿ ಅನ್ನುವ ಉಚಿತ ಧ್ವನಿ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಮೋನೋ (ಒಂದೇ ಚಾನೆಲ್) ಮಾಡಿ, ಸುಮಾರು 150 ಹರ್ಟ್ಜ್‌ಗಿಂತ ಕೆಳಗಿನದನ್ನೂ 5000ಕ್ಕಿಂತ ಮೇಲಿನದನ್ನೂ ಕತ್ತರಿಸಿ. ದನಿ ಕೂಡಲೇ ಆ ಕಾಲಕ್ಕೆ ಹೋಗುತ್ತದೆ. ತುಸು ಹಿಸ್, ಅಂದರೆ ಹಿನ್ನೆಲೆಯ ಸಣ್ಣ ಸುಯ್ ಸದ್ದು, ಬೆರೆಸಿ. ಚಟಪಟ ಸದ್ದು ಜಾಸ್ತಿ ಬೇಡ, ಅದು ಹೆಚ್ಚಾಗಿ ಗ್ರಾಮಫೋನ್ ತಟ್ಟೆಯದು.

ಸಾಫ್ಟ್‌ವೇರ್‌ಗೆ ದುಡ್ಡು ಖರ್ಚು ಮಾಡಬೇಕಿಲ್ಲ. ಕಲಿಯುವವರಿಗೆ ಕ್ರಿಟಾ ಸುಲಭ. ಹಿಂದಿನ ಚಿತ್ರ ಮಸುಕಾಗಿ ಕಾಣುವ ಆನಿಯನ್ ಸ್ಕಿನ್ ಅದರಲ್ಲಿದೆ, ಹಾಡನ್ನೂ ಹಾಕಿಕೊಂಡು ಬಿಡಿಸಬಹುದು. ಓಪನ್‌ಟೂನ್ಜ್ ಇನ್ನೂ ಬಲವಾದದ್ದು, 2016ರಿಂದ ಎಲ್ಲರಿಗೂ ಮುಕ್ತ, ಆದರೆ ಕೈ ಹಿಡಿಯಲು ಸಮಯ ಬೇಕು. ಜೋಡಿಸಲು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಎಐ ಬಳಸಿ ಒಂದೇ ಏಟಿಗೆ ಮಾಡಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಚಲನೆಯ ಐಡಿಯಾ ನೋಡಲು ಬಳಸಿ, ತಪ್ಪಿಲ್ಲ. ಆದರೆ ಕನ್ನಡ ಬೋರ್ಡನ್ನು ಅವು ಸುಲಭವಾಗಿ ಕೆಡಿಸುತ್ತವೆ, ಕಡ್ಡಿಗಳ ಸಂಖ್ಯೆ ಒಂದೊಂದು ಫ್ರೇಮಿನಲ್ಲಿ ಒಂದೊಂದಾಗುತ್ತದೆ, ಗೊತ್ತಿಲ್ಲದೆ ಯಾರದೋ ಪಾತ್ರವೂ ನುಸುಳಿ ಬರಬಹುದು. ನಿಮಗೆ ಚಿತ್ರ ಬಿಡಿಸಲು ಬರುತ್ತದೆ. ಆ ಕೈಗೆರೆಯೇ ಇಲ್ಲಿ ಬೆಲೆಬಾಳುವುದು.

ಒಂದು ಗೆರೆಯನ್ನೂ ಅಂತಿಮವಾಗಿ ಎಳೆಯುವ ಮೊದಲು, ಒರಟು ಚಿತ್ರಗಳ ಫೋಟೋ ತೆಗೆದು ಸಂಗೀತದ ಮೇಲೆ ಜೋಡಿಸಿ ಒಂದು ಕಚ್ಚಾ ವಿಡಿಯೋ ಮಾಡಿ. ಅದನ್ನು ಸದ್ದಿಲ್ಲದೆ ಯಾರಿಗಾದರೂ ತೋರಿಸಿ, ಇದು ಏನು ಅಂಗಡಿ ಅಂತ ಕೇಳಿ. ಹೇಳಲು ತಡವರಿಸಿದರೆ ಬದಲಾಯಿಸಲು ಅದೇ ಒಳ್ಳೆ ಸಮಯ. ಫೋನಿನಲ್ಲಿ ಎಷ್ಟೋ ಜನ ಮ್ಯೂಟ್ ಮಾಡಿಯೇ ನೋಡುವುದು, ಹಾಗಾಗಿ ಕಥೆ ಚಿತ್ರದಲ್ಲೇ ತಿಳಿಯಬೇಕು.

ಅಳತೆಯ ವಿಚಾರ. ಆಗಿನ ಚೌಕಟ್ಟು ಹೆಚ್ಚುಕಡಿಮೆ 4:3. ಫೋನಿನ ಉದ್ದ ಪರದೆ 1080×1920 ಇದ್ದರೆ ಮಧ್ಯೆ 1080×810ರಲ್ಲಿ ಕಾರ್ಟೂನ್ ಕೂರುತ್ತದೆ. ಮೇಲೆ ಕೆಳಗೆ ಉಳಿಯುವ ಜಾಗಕ್ಕೆ ಮಸುಕು ಮಾಡಿದ ಅದೇ ವಿಡಿಯೋ ತುಂಬಬೇಡಿ, ಅದು ಎಲ್ಲವನ್ನೂ ಕೆಡಿಸುತ್ತದೆ. ಮೇಲೆ ಕೈಬರಹದ ಅಂಗಡಿ ಹೆಸರು, ಕೆಳಗೆ ವಿಳಾಸ, ಎರಡೂ ಪೂರ್ತಿ 30 ಸೆಕೆಂಡ್ ನಿಂತಿರಲಿ.

ಕೊನೆಗೆ ಎಕ್ಸ್‌ಪೋರ್ಟ್. ಫಿಲ್ಮ್ ಗ್ರೇನ್ ಅಂದರೆ ಪ್ರತಿ ಫ್ರೇಮಿನಲ್ಲೂ ಬದಲಾಗುವ ಸಣ್ಣ ಕಾಳುಕಾಳು. ವಿಡಿಯೋ ಕುಗ್ಗಿಸುವ ಎಚ್.264 ಥರದ ವಿಧಾನಗಳು ಫ್ರೇಮಿನಿಂದ ಫ್ರೇಮಿಗೆ ಬದಲಾಗದ್ದನ್ನು ಉಳಿಸಿಕೊಂಡೇ ಜಾಗ ಮಿಗಿಸುತ್ತವೆ. ಎಲ್ಲವೂ ಬದಲಾಗುತ್ತಿದ್ದರೆ ಅವಕ್ಕೆ ದಿಕ್ಕು ತೋಚದೆ ಚಿತ್ರ ಚೌಕ ಚೌಕವಾಗಿ ಕಲಸಿಹೋಗುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋದರಂತೂ ಇನ್ನೂ ಜಾಸ್ತಿ. ಆದ್ದರಿಂದ ಗ್ರೇನ್ ತೀರಾ ಕಡಿಮೆ ಇಡಿ. ಹಳತನವನ್ನು ದೊಡ್ಡ ಧೂಳಿನ ಚುಕ್ಕೆ, ಗೀರು, ಅಲುಗಾಟಗಳಿಂದ ತೋರಿಸಿ. 1080ರ ವಿಡಿಯೋವನ್ನು 15-20 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಮೆಗಾಬಿಟ್), 24 ಫ್ರೇಮಿನಲ್ಲೇ ತೆಗೆಯಿರಿ. ಎಕ್ಸ್‌ಪೋರ್ಟ್ ಮಾಡುವಾಗ ತಪ್ಪಿ 30 ಫ್ರೇಮಿಗೆ ಹೋದರೆ ಕೆಲವು ಫ್ರೇಮ್ ಎರಡೆರಡು ಸಲ ಬಂದು ಚಲನೆಯ ಲಯವೇ ಮುರಿಯುತ್ತದೆ. ಹೆಸರು, ವಿಳಾಸ, ಬೋರ್ಡಿನ ದೃಶ್ಯ, ಇವನ್ನು ಬೇರೆ ಪದರದಲ್ಲಿ, ಧೂಳು ಹಾಕುವ ಮೊದಲಿನ ರೂಪದಲ್ಲೂ ಉಳಿಸಿಕೊಳ್ಳಿ. ಮುಂದೆ ಫೋನ್ ನಂಬರೋ ಅಂಗಡಿ ತೆರೆಯುವ ಹೊತ್ತೋ ಬದಲಾದರೆ ಅಷ್ಟನ್ನು ಮಾತ್ರ ಮತ್ತೆ ಬರೆದು ಸೇರಿಸಬಹುದು.